ಸೆಕ್ರೆಟರಿ ಸರಿಸಿದ ಸಮಾಧಿ ಕಲ್ಲು

ಕಳೆದ ತಿಂಗಳು ಹರಿಹರದ ಹೊರಗಿನ ಹೊಸ ಬಡಾವಣೆಯಲ್ಲಿ ಮನೆಯೊಂದಕ್ಕೆ ಪಾಯ ತೋಡಿಸುತ್ತಿದ್ದೆ. ಮನೆ ಯಾರದೋ, ಕಟ್ಟಿಕೊಡುವ ಗುತ್ತಿಗೆ ಮಾತ್ರ ನನ್ನದು. ಮೊಣಕಾಲುದ್ದ ಇಳಿದಾಗ ಕಪ್ಪು ಮರಳು ಬಂತು. ಮೇಸ್ತ್ರಿ ಒಂದು ಹಿಡಿ ಎತ್ತಿ ಮೂಸಿ ಮುಖ ಸಿಂಡರಿಸಿದ. ನಾನೂ ಮೂಸಿ ನೋಡಿದೆ. ಲಾರಿ ಗ್ಯಾರೇಜಿನ ಸುಟ್ಟ ಆಯಿಲಿನ ವಾಸನೆ, ಇಷ್ಟು ವರ್ಷಗಳ ಮೇಲೂ... ಸೆಕ್ರೆಟರಿಯವರು ನೆನಪಾದರು. ಈ ‘ಅವರು’ ಹಳೆಯ ಅಭ್ಯಾಸದಿಂದ ಬಂದದ್ದು, ಮರ್ಯಾದೆಯಿಂದಲ್ಲ. ಇನ್ನು ಮುಂದೆ ಆತ ಎಂದೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಕೆಲವು ಗಿರಣಿ ಮಾಲೀಕರಿಗೂ ಒಂದಿಬ್ಬರು ಡಾಕ್ಟರರಿಗೂ ಗಾಲ್ಫ್ ಆಡುವ ಚಟ ಹತ್ತಿತ್ತು. ಹರಿಹರದ ಪಕ್ಕದ ಸಾರಥಿ ಎಂಬ ಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಹೊಲ ಕೊಂಡು ಆರು ಕುಳಿಗಳ ಮೈದಾನ ಮಾಡಿಕೊಂಡರು. ಕುಳಿಯ ಸುತ್ತ ‘ಗ್ರೀನ್’ ಎನ್ನುವ ನುಣುಪಾದ ಹುಲ್ಲು ಇರಬೇಕು. ಅದನ್ನು ಬೆಳೆಸಲು ಯಾರಿಗೂ ಕೈ ಬಿಚ್ಚುವ ಮನಸ್ಸಿಲ್ಲ. ಹಾಗಾಗಿ ಮರಳಿಗೆ ಸುಟ್ಟ ಆಯಿಲ್ ಕಲಸಿ, ದುಂಡಗೆ ಹರಡಿ, ರೋಲರ್ ಎಳೆಸಿ, ಅದನ್ನು ‘ಬ್ರೌನ್’ ಎಂದು ಕರೆದರು. ಆಳುಗಳ ಮೇಲ್ವಿಚಾರಣೆಗೆ ನನ್ನನ್ನು ಇಟ್ಟುಕೊಂಡಿದ್ದರು.

ಆ ಗಾಲ್ಫ್ ಕ್ಲಬ್ಬಿನ ಸೆಕ್ರೆಟರಿಯ ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ಬೆಳಗಿನ ಲಿಂಗಪೂಜೆ ತಪ್ಪಿಸುವ ಆಸಾಮಿ ಅಲ್ಲ. ಮೇಲೆ ಹಣೆ ತುಂಬ ವಿಭೂತಿ, ಕೆಳಗೆ ಇಸ್ತ್ರಿ ಮಾಡಿದ ಬಿಳಿ ಚಡ್ಡಿ. ಯಾವುದೋ ವಿದೇಶಿ ಪತ್ರಿಕೆ ಓದಿ, ಅಲ್ಲಿ ಹಿಮ ಬಿದ್ದಾಗ ಆಟ ನಿಲ್ಲಿಸಿ ಮೈದಾನ ರಿಪೇರಿ ಮಾಡುತ್ತಾರೆಂದು ತಿಳಿದುಕೊಂಡಿದ್ದ. ನಮ್ಮಲ್ಲೂ ಅದೇ ಆಗಬೇಕು. ಮಾಗಿ ಬಂತೆಂದರೆ ಮಂಕಿ ಕ್ಯಾಪ್ ಹಾಕಿಕೊಂಡು ಬಂದು, “ಈಗ ವಿಂಟರ್ ವರ್ಕ್ ಟೈಮ್ ಕಣ್ರಿ” ಎನ್ನುತ್ತಿದ್ದ. ಹತ್ತು ಗಂಟೆಗೆಲ್ಲ ಬಿಸಿಲು ಬೆನ್ನು ಸುಡುತ್ತಿತ್ತು. ಹಳೇ ಮರಳು ಕೆರೆದು ತೆಗೆಯುವುದು, ಹೊಳೆಯ ಮರಳು ಜರಡಿ ಹಿಡಿಯುವುದು, ಆಯಿಲ್ ಕಲಸುವುದು, ತಗ್ಗಿಗೆ ಮಣ್ಣು ತುಂಬುವುದು, ಕಸ ಕೀಳುವುದು. ಹೆಂಗಸರ ಕೈಗಳು ಮೊಣಕೈವರೆಗೆ ಕಪ್ಪಾಗುತ್ತಿದ್ದವು. ಆತ ಕುರ್ಚಿಯಲ್ಲಿ ಕೂತು ಕೋಲಿನಿಂದ ಮರಳು ಚುಚ್ಚಿ ನೋಡಿ, “ಇಂಪ್ರೂವ್ ಆಗೈತೆ” ಎಂದು ತಲೆದೂಗುತ್ತಿದ್ದ. ಎರಡು ವರ್ಷ ನೋಡಿದೆ, ಆತ ಚೆಂಡನ್ನು ಕುಳಿಗೆ ಹಾಕಿದ್ದು ಕಡಿಮೆ, ಕುಳಿಯನ್ನು ಬೈದದ್ದೇ ಹೆಚ್ಚು.

ಮೈದಾನದ ಹಳೇ ಬಾವಿಯ ಮಗ್ಗುಲಲ್ಲಿ ಒಂದು ಸಮಾಧಿ ಇತ್ತು. ಸಾರಥಿಯ ಹೆಣ್ಣುಮಗಳೊಬ್ಬಳ ಗಂಡನದು. ಅವರ ಹೊಲದಲ್ಲೇ ಅವನನ್ನು ಮಣ್ಣು ಮಾಡಿದ್ದರು. ಆಮೇಲೆ ಮೈದುನ ಹೊಲ ಮಾರಿಬಿಟ್ಟ. ಆಕೆ ಕೇಳಿದ್ದು ಒಂದೇ: ಸಮಾಧಿ ಮುಟ್ಟಬಾರದು, ನಾಳೆ ತಾನು ಸತ್ತರೆ ಅದರ ಪಕ್ಕದಲ್ಲೇ ತನ್ನನ್ನು ಇಡಬೇಕು. ಸೆಕ್ರೆಟರಿ ಕೊರಳಲ್ಲಿದ್ದ ಲಿಂಗ ಹಿಡಿದು, “ಆಗ್ಲಿ ತಾಯಿ, ನಿನ್ ಜಾಗ ನಿನಗೇ” ಎಂದು ಮಾತು ಕೊಟ್ಟಿದ್ದ. ಹಾಗೆಂದು ಆತನೇ ನನಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಪ್ರತಿ ಅಮಾವಾಸ್ಯೆ ಆಕೆ ಬಿಲ್ವಪತ್ರೆ, ಊದಿನಕಡ್ಡಿ ತಂದು, ಅರ್ಧ ಗಳಿಗೆ ಕೂತು ಹೋಗುತ್ತಿದ್ದಳು.

ಆ ವರ್ಷ ಹೊಸ ವರ್ಷದ ಪಂದ್ಯಕ್ಕೆ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಹಿಂದಿನ ಸಲ ಅವರ ಚೆಂಡು ಸಮಾಧಿ ಕಲ್ಲಿಗೆ ಬಡಿದು ಬೇಲಿಗೆ ಹೋಗಿತ್ತು. ಅವರು ನಕ್ಕು ಮರೆತರು, ಈತ ಮರೆಯಲಿಲ್ಲ. ರೋಲರ್ ನೋಡಿಕೊಂಡು ಬರಲು ನನ್ನನ್ನು ರಾಣೆಬೆನ್ನೂರಿಗೆ ಅಟ್ಟಿದ. ಮರುದಿನ ಬಂದು ನೋಡಿದರೆ ಸಮಾಧಿಯ ದಿಬ್ಬ ಇಲ್ಲ. ಅದನ್ನು ಸಪಾಟು ಮಾಡಿ, ಅದರ ಮೇಲೇ ಐದನೇ ಕುಳಿಯ ಹೊಸ ಬ್ರೌನ್ ಹಾಕಿಸಿದ್ದ. ಕಲ್ಲನ್ನು ಬೇಲಿಯ ಪಕ್ಕದ ಜಾಲಿ ಮರದ ಕೆಳಗೆ ನಿಲ್ಲಿಸಿ, ಸಿಮೆಂಟ್ ಕಟ್ಟೆ ಕಟ್ಟಿಸಿ, ಸುಣ್ಣ ಬಳಿಸಿ, ತಾನೇ ತೆಂಗಿನಕಾಯಿ ಒಡೆದಿದ್ದನಂತೆ! ಹೇಸಿಗೆಯಾಯಿತು ನನಗೆ. ಕಿತ್ತು ಬಿಸಾಕಿದ್ದರೆ ಕೆಟ್ಟವನೆಂದು ಬೈದು ಸುಮ್ಮನಾಗಬಹುದಿತ್ತು. ಈ ಭಕ್ತಿಯನ್ನು ಹೇಗೆ ಸಹಿಸುವುದು?

ಅಮಾವಾಸ್ಯೆಗೆ ಆಕೆ ಬಂದಳು. ಸೆಕ್ರೆಟರಿ ತಾನೇ ಎದುರು ಹೋಗಿ ಜಾಲಿ ಮರದ ಕಡೆ ಕೈ ತೋರಿಸಿದ. “ನೋಡು ತಾಯಿ, ಮೊದ್ಲಿಗಿಂತ ಚೆಂದ ಮಾಡ್ಸೀನಿ.”

ಆಕೆ ಕಲ್ಲನ್ನು ನೋಡಿದಳು. “ಕಲ್ಲು ಇಲ್ಲಿಗೆ ಬಂತು, ಸರಿ ಸಾವ್ಕಾರ್ರೆ. ನಮ್ಮನಿಯವ್ರು ಹೆಂಗ್ ಬಂದ್ರು?”

“ಶಿವನ ಪಾದ ಸೇರಿದವ್ರಿಗೆ ಎಲ್ಲಾ ಭೂಮಿನೂ ಒಂದೇ ತಾಯಿ” ಎಂದ ಆತ. ಉಪದೇಶ ಬೇರೆ!

ಆಕೆ ಜಾಲಿ ಮರದ ಕೆಳಗಿನ ಕಲ್ಲಿಗೆ ಒಂದು ಪತ್ರೆಯನ್ನೂ ಏರಿಸಲಿಲ್ಲ. ಬ್ರೌನಿನ ಅಂಚಿಗೆ ಹೋಗಿ ಕೂತಳು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಗೇಟಿಗೆ ಕಾವಲುಗಾರ ಬಂದಿದ್ದ, ಆಕೆಯನ್ನು ಒಳಗೆ ಬಿಡಬಾರದೆಂದು ಅಪ್ಪಣೆಯಾಗಿತ್ತು. ನಾನು ಸೆಕ್ರೆಟರಿಯ ಮುಖಕ್ಕೇ ಹೇಳಬೇಕಾದ್ದು ಹೇಳಿ ಕೆಲಸ ಬಿಟ್ಟೆ. “ನಿಮಗೆ ಗೇಮ್ ಅರ್ಥ ಆಗಲ್ಲ ಬಿಡ್ರಿ” ಎಂದ.

ಕೆಲವು ವರ್ಷಗಳಲ್ಲಿ ಆ ಶ್ರೀಮಂತರ ಚಟವೂ ತೀರಿತು, ಒಬ್ಬರಿಗೊಬ್ಬರು ಮುನಿಸಿಕೊಂಡು ಜಾಗ ಮಾರಿದರು. ಬಾವಿ ಮುಚ್ಚಿ, ಮೈದಾನವನ್ನೆಲ್ಲ ಮಟ್ಟ ಮಾಡಿ, ಮಣ್ಣು ಏರಿಸಿ, ಸೈಟು ಹಾಕಿದರು. ಯಾವ ಕುಳಿ ಎಲ್ಲಿತ್ತೆಂದು ನನಗೂ ಗುರುತು ಸಿಗದಂತಾಯಿತು. ಸೆಕ್ರೆಟರಿ ಸತ್ತಾಗ ಶಿವಗಣಾರಾಧನೆಗೆ ಹೋಗಿದ್ದೆ. ಅವರ ತೋಟದಲ್ಲೇ ಗ್ರಾನೈಟ್ ಹಾಸಿ, ಸುತ್ತ ಗ್ರಿಲ್ ಹಾಕಿ, ಪಕ್ಕದಲ್ಲಿ ಹೆಂಡತಿಗೆಂದು ಅಳೆದು ಜಾಗ ಬಿಟ್ಟಿದ್ದರು. ನನಗೆ ಅಳು ಬರಲಿಲ್ಲ, ಊಟಕ್ಕೂ ನಿಲ್ಲಲಿಲ್ಲ.

ಕಪ್ಪು ಮರಳು ಸಿಕ್ಕ ದಿನ ಕೆಲಸ ನಿಲ್ಲಿಸಿ ಸುತ್ತ ಕೆದಕಿಸಿದೆ. ಮುಚ್ಚಿಹೋಗಿದ್ದ ಹಳೇ ಬಾವಿಯ ಕಟ್ಟೆಕಲ್ಲು ಸಿಕ್ಕಿತು, ಅಲ್ಲಿಂದ ಅಳತೆ ಹಿಡಿದೆ. ಆರರಲ್ಲಿ ಐದನೇ ಕುಳಿ ಮಾತ್ರ ಬಾವಿಯ ಮಗ್ಗುಲಲ್ಲಿದ್ದದ್ದು, ಅನುಮಾನವೇ ಇಲ್ಲ. ಬೈಕ್ ಹತ್ತಿ ಸಾರಥಿಗೆ ಹೋದೆ. ಆಕೆಯ ಮಗ ಮನೆಯಲ್ಲಿದ್ದ, ಅಕ್ಕಿ ಗಿರಣಿಯಲ್ಲಿ ಕೆಲಸ. ವಿಷಯ ಹೇಳಿದೆ. ನನ್ನ ಹಿಂದೆ ಕೂತು ಬಂದ.

ಪಾಯದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಕೆಳಗಿಳಿದು ಕಪ್ಪು ಮರಳನ್ನು ಮುಟ್ಟಿ ನೋಡಿದ.

“ಅವ್ವನ್ನ ಊರ ರುದ್ರಭೂಮ್ಯಾಗೆ ಇಟ್ವಿ ಸಾರ್. ಸೈಟ್ ಹಾಕಿದ್ಮ್ಯಾಲೆ ಎಷ್ಟೋ ಸಲ ಇಲ್ಲಿಗೆ ಕರ್ಕಂಡ್ ಬಂದಿದ್ದೆ. ಎಲ್ಲಿ ಅಂತ ಗೊತ್ತಾಗ್ಲೇ ಇಲ್ಲ. ಕೊನಿಗೂ ಅದನ್ನೇ ಕೇಳ್ತಿದ್ಲು...”

ಏನು ಮಾಡೋಣ ಹೇಳಪ್ಪಾ, ಬೇಕಾದರೆ ಸೈಟಿನವರ ಹತ್ತಿರ ನಾನು ಮಾತಾಡುತ್ತೇನೆ ಎಂದೆ.

ಅವನು ಮೇಲೆ ಹತ್ತಿ ಚಪ್ಪಲಿ ಮೆಟ್ಟಿಕೊಂಡ. “ಬ್ಯಾಡ ಬಿಡ್ರಿ, ಮನಿ ಕಟ್ರಿ. ಮಲಗಿದ ಅವ್ವನ್ನ ಎಬ್ಬಿಸ್ಕಂಡು ಬರಾಕ್ ಆಗ್ತೈತಾ?”

ಮರುದಿನ ಪಾಯಕ್ಕೆ ಕಲ್ಲು ತುಂಬಿಸಿದೆವು.