ಹೊಲಸಾಗದ ಯಂತ್ರ

ರಾಮತೀರ್ಥ ನಗರದ ವೃದ್ಧಾಶ್ರಮದ ಆಯಾ ಭೀಮಕ್ಕ ದಿನಕ್ಕೆ ನಾಲ್ಕು ಸಲ ಕಿಟಕಿ ತೆರೆದು ಅಲ್ಲೇ ನಿಲ್ಲುವುದನ್ನು ಕಂಡು, ಈಕೆಗೆ ಬೀದಿಯ ಸುದ್ದಿಯ ಹುಚ್ಚು ಎಂದು ಈ ಸಾಲು ಬರೆಯುವವನೂ ತಿಳಿದಿದ್ದ. ಅಸಲಿಗೆ ಆಕೆ ನೋಡುತ್ತಿದ್ದದ್ದು ಹೊಗೆ ಹೊರಗೆ ಹೋಯಿತೋ ಇಲ್ಲವೋ ಎಂದು. ತನ್ನೂರು ಖಾನಾಪುರದಲ್ಲಿ ಒಲೆಯ ಹೊಗೆಯಲ್ಲಿ ಅವ್ವ ಕೆಮ್ಮಿ ಕೆಮ್ಮಿ ಸೊರಗಿದ್ದನ್ನು ಕಂಡವಳು. ಇಲ್ಲಿಯ ಹಾಲ್‌ನಲ್ಲಿ ಒಗ್ಗರಣೆ, ಸೊಳ್ಳೆಬತ್ತಿ, ಸಂಜೆಯ ಲೋಬಾನದ ಧೂಪ ಎಲ್ಲ ಒಟ್ಟಿಗೇ ಸುತ್ತುತ್ತಿದ್ದವು. ಎಂಬತ್ತು ದಾಟಿದ ದಮ್ಮಿನ ರೋಗಿ ಗೌರವ್ವನ ಉಸಿರು ಸಿಳ್ಳೆ ಹಾಕಿದರೆ ಸಾಕು, ಭೀಮಕ್ಕನ ಕೈ ಚಿಲಕಕ್ಕೆ ಹೋಗುತ್ತಿತ್ತು.

ಆಶ್ರಮದ ಅಧ್ಯಕ್ಷ ರಾಮಲಿಂಗನೂ ಖಾನಾಪುರದವನೇ, ಆಕೆಗೆ ಈ ಕೆಲಸ ಕೊಡಿಸಿದವನೂ ಅವನೇ. ದೀಪಾವಳಿಗೆ ಅವನು ಗಾಳಿ ಶುದ್ಧ ಮಾಡುವ ಯಂತ್ರ ತರಿಸಿದ. ಅದಕ್ಕೆ ಕುಂಕುಮ, ಚೆಂಡುಹೂವಿನ ಹಾರ, ಮೂರು ಭಾಷಣ. ಎರಡು ಅವನವೇ.

"ಇನ್ನ ಕಿಡಕಿ ತೆಗೀಬ್ಯಾಡ ಭೀಮಕ್ಕಾ. ಎಲ್ಲಾ ಯಂತ್ರ ನೋಡಿಕೊಳ್ತೈತಿ."

"ಖರೇನ್ರಿ ಅಣ್ಣಾರ?"

"ನಾ ನಿನಗ ಎಂದಾರ ಸುಳ್ಳ ಹೇಳೇನೇನ?"

ಭೀಮಕ್ಕ ನಂಬಿದಳು. ಹದಿನೈದು ದಿನ ಯಂತ್ರ ಗುಂಯ್‌ಗುಟ್ಟಿತು, ಹಸಿರು ದೀಪ ಉರಿಯಿತು. "ಒಂಚೂರ ತೆಗಿಯವ್ವಾ" ಎಂದು ಗೌರವ್ವ ಕೈ ಹಿಡಿದುಕೊಂಡಾಗಲೂ ಆಕೆ ಚಿಲಕ ಮುಟ್ಟಲಿಲ್ಲ. ಹದಿನಾರನೆಯ ದಿನ ಗೌರವ್ವ ತುಟಿ ನೀಲಿಗಟ್ಟಿ ಆಸ್ಪತ್ರೆ ಸೇರಿದಳು.

ಮರುದಿನ ಅದೇ ಹಾಲ್‌ನಲ್ಲಿ ಸೇರಿದ ಸಮಿತಿ ಸಭೆಯಲ್ಲಿ ರಾಮಲಿಂಗ ಶಾಲು ಸರಿಪಡಿಸಿಕೊಂಡು ಹೇಳಿದ: "ಈ ಆಯಾ ಕದ್ದು ಕಿಡಕಿ ತೆಗೀತಾಳ್ರಿ. ಧೂಳ ಒಳಗ ಬಂದೈತಿ."

ಭೀಮಕ್ಕ ಅಣ್ಣಾರ ಮುಖವನ್ನೇ ನೋಡಿದಳು. ಆ ಮುಖ ಗೋಡೆಯ ಗಡಿಯಾರ ನೋಡುತ್ತಿತ್ತು.

"ಧೂಳ ಬಂದಿದ್ರ ಯಂತ್ರದಾಗ ಸಿಗಬೇಕಲ್ರಿ," ಎಂದವಳೇ ಹೋಗಿ ಅದರ ಹಿಂಬದಿಯ ಮುಚ್ಚಳ ಕಿತ್ತಳು. ಧೂಳು ಹಿಡಿಯಬೇಕಾದ ಜಾಳಿಗೆಗೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲ ಸುತ್ತಿದಂತೆಯೇ ಇತ್ತು.

"ಇದನ್ಯಾಕ ಬಿಚ್ಚಿಲ್ರಿ?" ಸಮಿತಿಯ ಕಾಂತಾ ಎದ್ದು ನಿಂತರು.

"ನಾನ ಬ್ಯಾಡಂದಿದ್ದೆ. ಹೊಸಾ ಸಾಮಾನ ಅಲ್ರಿ?" ಎಂದ ರಾಮಲಿಂಗ. ಅವನ ಕಾರಿನ ಸೀಟುಗಳೂ ಐದು ವರ್ಷದಿಂದ ಪ್ಲಾಸ್ಟಿಕ್ಕಿನಲ್ಲೇ ಇದ್ದವು. ಆಮೇಲೆ ಭೀಮಕ್ಕನ ಕಡೆ ತಿರುಗಿ ಗದರಿದ: "ಬಿಚ್ಚಿದ್ರ ಒಳಗಿಂದು ಹೊಲಸ ಆಗೂದಿಲ್ಲೇನ?"

ಭೀಮಕ್ಕ ಚೀಲ ಹರಿದು ಅವನ ಕೈಗಿಟ್ಟಳು.

"ಇದನ್ನ ನಿಮ್ಮ ಮೂಗಿಗೆ ಕಟ್ಟಿಕೋರಿ, ಅಧ್ಯಕ್ಷರ. ಅದೂ ಹೊಲಸ ಆಗೂದಿಲ್ಲ."