ಸಮ ಎಂಬ ಮಾತಿಗೆ ನಾನು ಹೇಳಿದ ಅರ್ಥ

ನೀಲವ್ವಾ, ನಿನ್ನ ಗಂಡ ಸಿದ್ದಣ್ಣನನ್ನು ಜೈಲಿಗೆ ಕಳಿಸಿದವನು ನಾನು. ಗಣಿಯ ಗುತ್ತೇದಾರನಲ್ಲ, ಪೊಲೀಸ್ ಅಮೀನನೂ ಅಲ್ಲ — ನಿನ್ನ ಒಡಹುಟ್ಟಿದ ಅಣ್ಣ.

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು ಅವು. ಶಹಾಬಾದಿನ ಕಲ್ಲಿನ ಗಣಿಯ ಬಳಿ ಸಿದ್ದಣ್ಣ ಊರ ಹೊರಗಿನ ಕೇರಿಯವರನ್ನೂ ನಮ್ಮವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿದ, ತಾನೂ ನಡುವೆ ಕುಳಿತು ಉಂಡ. ಶರಣರ ಹೆಸರು ಹೇಳದೆ ತುತ್ತು ಎತ್ತದ ಮನೆ ನಮ್ಮದು. ಆದರೂ ನನ್ನ ಮೈ ಉರಿಯಿತು. ಆ ಸುದ್ದಿ ಕೇಳಿಯೇ ಸೇಡಂನ ಗಂಡಿನ ಕಡೆಯವರು ನನ್ನ ಮಗಳನ್ನು ಒಲ್ಲೆವೆಂದಿದ್ದರು.

ಗಣಿಯ ಆಳುಗಳನ್ನು ಎತ್ತಿಕಟ್ಟುತ್ತಿದ್ದಾನೆಂದು ಗುತ್ತೇದಾರ ದೂರು ಕೊಟ್ಟ. ಅಮೀನನಿಗೆ ಕನ್ನಡ ಬಾರದು, ಸಿದ್ದಣ್ಣನಿಗೆ ಉರ್ದು ಬಾರದು. ಚಿತ್ತಾಪುರದ ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ನನ್ನನ್ನು ಕರೆಸಿದರು. ನನ್ನನ್ನು ಕಂಡದ್ದೇ ಸಿದ್ದಣ್ಣನ ಮುಖ ಅರಳಿತು.

“ಬಂದ್ರಿ? ಭಾಳ ಚಲೋ ಆತು. ನಾ ಏನ್ ಹೇಳೀನಿ ಅಂತ ಸಾಹೇಬ್ರಿಗಿ ತಿಳಿಸ್ರಿ ಮಾಸ್ತರ್. ಹುಟ್ಟಿನಾಗ ಮ್ಯಾಲ ಕೆಳಗ ಇಲ್ಲ, ಎಲ್ಲಾರೂ ಸಮ — ಇಷ್ಟೇರಿ.”

ಅಮೀನ ನನ್ನತ್ತ ತಿರುಗಿದ. “ಕ್ಯಾ ಬೋಲಾ?”

ಸಮತೆಗೆ ಉರ್ದುವಿನಲ್ಲಿ ‘ಮಸಾವಾತ್’ ಎಂಬ ಮಾತಿದೆ. ಅಮೀನ ತನ್ನ ಮಸೀದಿಯಲ್ಲಿ ಎಷ್ಟೋ ಸಲ ಕೇಳಿ ತಲೆದೂಗಿದ್ದಿರಬೇಕಾದ ಮಾತು. ಅದು ನನ್ನ ನಾಲಿಗೆಯ ಮೇಲೇ ಇತ್ತು. ಆದರೆ ನಾನು —

“ಇಶ್ತಿರಾಕಿ ಹೈ, ಸಾಬ್,” ಎಂದೆ. ಇವನು ಕಮ್ಯುನಿಸ್ಟ್ ಎಂದು. ತೆಲಂಗಾಣದ ಹಳ್ಳಿಗಳಲ್ಲಿ ಆ ಹೆಸರಿನವರ ಮೇಲೆ ಗುಂಡು ಹಾರುತ್ತಿದ್ದ ದಿನಗಳವು. ಗೊತ್ತಿದ್ದೇ ಎಂದೆ. ನಾನು ತನ್ನ ಮಾತನ್ನೇ ತಿಳಿಸಿದೆನೆಂದು ನಂಬಿ ಸಿದ್ದಣ್ಣ ಹೌದೆಂಬಂತೆ ತಲೆಯಾಡಿಸಿದ. ಅಮೀನನಿಗೆ ಅಷ್ಟೇ ಸಾಕಾಯಿತು.

ನಿಜಾಮನ ರಾಜ್ಯ ಮುಗಿದ ಮೇಲೆ ಸಿದ್ದಣ್ಣ ಜೈಲಿನಿಂದ ಮರಳಿ ಬಂದ. ಒದೆ ತಿಂದ ಎದೆ, ಬಿಡದ ಕೆಮ್ಮು. ನನ್ನ ಕೈ ಹಿಡಿದು, “ನೀವ್ ನನ್ನ ಪರ ಮಾತಾಡಿದ್ರಿ. ಅದಕ್ಕೇ ಜೀವಂತ ಬಿಟ್ಟಾರ್ರಿ,” ಎಂದ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಇಲ್ಲ ಎನ್ನಲೂ ಇಲ್ಲ. ಮುಂದಿನ ಮಳೆಗಾಲಕ್ಕೆ ಅವನನ್ನು ಮಣ್ಣು ಮಾಡಿದೆವು. ನೀನು ಇಂದಿಗೂ ಕಂಡವರಿಗೆಲ್ಲ, “ನಮ್ಮಣ್ಣ ಇದ್ದಿದ್ದಕ್ಕ ಅವರು ಮನಿಗಿ ಬಂದ್ರು,” ಎನ್ನುತ್ತೀ.

ಮಗಳ ಸಂಬಂಧ ಮುರಿದದ್ದಕ್ಕೆ ಹಾಗೆ ಅಂದೆನೆ? ನೌಕರಿಯ ಹೆದರಿಕೆಗೆ ಅಂದೆನೆ? — ಎರಡೂ ಪೂರ್ತಿ ನಿಜವಲ್ಲ. ನಾನು ಬಾಯಲ್ಲಷ್ಟೇ ಆಡಿಕೊಂಡು ಬಂದದ್ದನ್ನು ಅವನು ಬದುಕಿ ತೋರಿಸಿದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ನಾಳೆ ನಿನ್ನ ಮನೆಗೆ ಬಂದು ನಿನ್ನ ಮಕ್ಕಳೆದುರು ಇದನ್ನೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಓಣಿಯಲ್ಲೇ ನಿಂತು ಹೇಳುತ್ತೇನೆ — ಗಟ್ಟಿಯಾಗಿ, ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ.