ರತ್ನಮ್ಮನನ್ನು ಮೂರು ಸಲ ಫೇಲ್ ಮಾಡಿದವನು

ದನಗಳಿಗೆ ನೀರಿಡುವಂಥ ತಗಡಿನ ತೊಟ್ಟಿಯೊಳಗಿಂದ, ತೋಳು ತುಂಬ ಹಚ್ಚೆಯಿದ್ದ ಒಬ್ಬ ಮನುಷ್ಯ ಒದ್ದೆ ಟೀಶರ್ಟಿನಲ್ಲಿ ಎದ್ದುನಿಂತ. ಸುತ್ತಲಿದ್ದವರು ಶಿಳ್ಳೆ ಹೊಡೆದರು. ಅಮೆರಿಕದ ಸ್ಯಾನ್ ಡಿಯಾಗೊಗೆ ಬಂದ ಮೊದಲ ಭಾನುವಾರ, ಕರ್ನಿ ಮೆಸಾದ ಒಂದು ಪಾರ್ಕಿಂಗ್ ಜಾಗದಲ್ಲಿ ನಾನು ಕಂಡ ದೀಕ್ಷಾಸ್ನಾನ, ನೀರಲ್ಲಿ ಮುಳುಗಿಸಿ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ, ಇದು. ಚರ್ಚಿಗೆ ಗೋಪುರವಿಲ್ಲ, ಗಂಟೆಯಿಲ್ಲ. ಆಫೀಸು ಕಟ್ಟಡವೊಂದರ ಕೆಳಮಹಡಿ.

"ಎಷ್ಟು ವರ್ಷ ಕಾಯಿಸಿದ್ರಂತೆ ಅವನನ್ನ?" ಎಂದು ಮಗಳನ್ನು ಕೇಳಿದೆ. ಅವಳು ಇಲ್ಲಿ ನರ್ಸ್. ಕೋವಿಡ್‌ನಲ್ಲಿ ನನ್ನ ಹೆಂಡತಿ ತೀರಿಕೊಂಡ ಮೇಲೆ ಕರೆಸಿಕೊಂಡಿದ್ದಳು.

"ವರ್ಷವಾ? ಹೋದ ತಿಂಗಳು ಬಂದ್ನಂತೆ ಪಪ್ಪಾ."

ನಾನು ತೊಟ್ಟಿಗೆ ಬೆನ್ನು ಹಾಕಿ ನಿಂತೆ. ಯಾಕೆಂದು ಊರಿನವರಿಗೆ ಹೇಳಿಬಿಡಬೇಕು. ತುಮಕೂರಿನ ನಮ್ಮ ಸಭೆಯಲ್ಲಿ ನಾನು ಬಹಳ ಕಾಲ ಹಿರಿಯನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಬಸ್ ಡಿಪೋದಲ್ಲಿ. ಆದರೆ ದೀಕ್ಷಾಸ್ನಾನ ಬೇಡಿ ಬಂದವರನ್ನು ಪರೀಕ್ಷಿಸುವ ಅಧಿಕಾರ ನನ್ನದು. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ರತ್ನಮ್ಮನಿಗೆ ಓದು ಬಾರದು. ನಾವು ನಂಬುವುದನ್ನೆಲ್ಲ ಸಾರುವ ವಿಶ್ವಾಸ ಪ್ರಮಾಣವನ್ನು ತಪ್ಪಿಲ್ಲದೆ ಒಪ್ಪಿಸು ಎಂದೆ. ಮೂರು ಸಲ ಬಂದಳು, ಮೂರು ಸಲವೂ ನಡುವೆ ತಡವರಿಸಿದಳು.

"ಮುಂದಿನ ವರ್ಷ ಬಾಮ್ಮ. ದೇವರಿಗೇನೂ ಅವಸರ ಇಲ್ಲ" ಎಂದೆ. ಪಕ್ಕದಲ್ಲಿ ಕೂತಿದ್ದ ಸಭೆಯ ಕಮಿಟಿಯವರು ನಕ್ಕರು.

"ನಂಗೈತೆ ಸಾ" ಎಂದಳು. ಮತ್ತೆ ಬರಲಿಲ್ಲ.

ಇಲ್ಲಿಯ ಚರ್ಚಿನಲ್ಲಿ ಹೊಸಬರ ಕೈಗೆ ಒಂದು ಕಾಫಿ ಮಗ್ಗು, ಒಂದು ಕಾರ್ಡು ಕೊಡುತ್ತಾರೆ. ಎಷ್ಟು ಕಾಲದಿಂದ ನಂಬಿದ್ದೀರಿ ಎಂಬ ಪ್ರಶ್ನೆಗೆ 'ಹುಟ್ಟಿನಿಂದ' ಎಂದು ಬರೆಯಲು ನನಗೆ ಕೈ ಬರಲಿಲ್ಲ. 'ಹೊಸಬ' ಎಂಬಲ್ಲಿ ಗುರುತು ಹಾಕಿದೆ. ಹೊಸಬನಿಗೆ ಒಬ್ಬ ಮೆಂಟರ್‌ನನ್ನು ಗೊತ್ತುಮಾಡುವುದು ಇಲ್ಲಿಯ ರೂಢಿ. ಪರೀಕ್ಷೆ ಮಾಡುವವನಲ್ಲ, ಪಕ್ಕದಲ್ಲಿ ಕೂತು ಕೂಡಿ ಓದುವವನು. ನನಗೆ ಸಿಕ್ಕವನು ಪ್ರಕಾಶ್, ಬೆಂಗಳೂರಿನವನು, ಸೊರೆಂಟೊ ವ್ಯಾಲಿಯಲ್ಲಿ ಇಂಜಿನಿಯರ್. ಅವನು ನಂಬಿಯೇ ನಾಲ್ಕು ವರ್ಷ.

"ಅಂಕಲ್, ಲೆಸನ್ ಒನ್. ದೇವರು ನಿಮ್ಮನ್ನ ಪ್ರೀತಿಸ್ತಾನೆ. ಏನಾದ್ರೂ ಡೌಟ್ ಇದ್ಯಾ?"

"ಇದೆ" ಎಂದೆ. ತಮಾಷೆಯೆಂದುಕೊಂಡು ನಕ್ಕ.

ಮಗಳು ಶಿಫ್ಟಿಗೆ ಹೋದರೆ ದಿನವಿಡೀ ನಾನೊಬ್ಬನೇ. ನಡೆದುಹೋಗಿ ಮಾತಾಡಿಸುವಂಥ ಒಂದು ಮನೆಯೂ ಇಲ್ಲಿಲ್ಲ. ಹಾಗಾಗಿ ಪ್ರತಿ ಶನಿವಾರ ಉಪ್ಪಿಟ್ಟು ಕಟ್ಟಿಸಿಕೊಂಡು ಡ್ರೈವ್ ಮಾಡಿ ಬರುವ ಆ ಹುಡುಗನಿಗೆ ನಿಜ ಹೇಳಲಾಗದೆ, ಗೊತ್ತಿದ್ದ ಪಾಠಗಳನ್ನೇ ಆರು ವಾರ ಕೇಳಿಸಿಕೊಂಡೆ. ಏಳನೆಯ ವಾರ ಅವನು, "ಅಂಕಲ್, ನಿಮ್ಮ ಬ್ಯಾಪ್ಟಿಸಮ್ಮಿಗೆ ಹೆಸರು ಕೊಡ್ಲಾ?" ಎಂದಾಗ ರತ್ನಮ್ಮನ ಕಥೆಯನ್ನೆಲ್ಲ ಹೇಳಿ ಅತ್ತೆ.

ಅವನ ಮುಖ ಬಿಗಿಯಿತು. "ನನ್ ಹತ್ರ ಯಾಕೆ ಅಳ್ತೀರಾ ಅಂಕಲ್? ಅವ್ರು ಬದುಕಿದ್ರೆ ಅವ್ರಿಗೆ ಫೋನ್ ಮಾಡಿ."

ಊರಿನ ಪರಿಚಿತರಿಂದ ರತ್ನಮ್ಮನ ನಂಬರು ಸಿಕ್ಕಿತು. ಇಲ್ಲಿ ಸಂಜೆ, ಅಲ್ಲಿ ಬೆಳಗ್ಗೆ. ತಪ್ಪಾಯಿತೆಂದೆ. ಅತ್ತ ಕುಕ್ಕರ್ ಕೂಗಿತು.

"ಆಯ್ತು ಬಿಡಿ ಸಾ. ನಾನೇನು ದೇವ್ರನ್ನ ಬಿಟ್ಟಿಲ್ಲ. ಮನೇಲೇ ಮಾತಾಡ್ಕೊಂಡಿರ್ತೀನಿ."

"ಈಗಿನ ಪಾದ್ರಿ ಅಯ್ಯನವರು ಒಳ್ಳೆಯವರು. ನಾನು ಹೇಳ್ತೀನಿ ಅವರಿಗೆ. ದೀಕ್ಷಾಸ್ನಾನ ಕೊಡ್ತಾರೆ, ಹೋಗಮ್ಮ."

"ನೀವು ಹೇಳಿದ್ರೆ ಕೊಡೋದಾದ್ರೆ ಬ್ಯಾಡ ಸಾ."

ಫೋನಿಟ್ಟಳು.

ಈಗಲೂ ಭಾನುವಾರ ಹೋಗುತ್ತೇನೆ, ಇಂಗ್ಲಿಷ್ ಹಾಡಿಗೆ ತುಟಿ ಆಡಿಸುತ್ತೇನೆ. ನಾನೇ ಎಲ್ಲ ಹೇಳಿಕೊಂಡ ಮೇಲೂ ಇಲ್ಲಿಯವರು ಸದಸ್ಯತ್ವದ ಫಾರಂ ಕೊಟ್ಟಿದ್ದಾರೆ. ಹೆಸರು, ವಿಳಾಸ ಬರೆದಿದ್ದೇನೆ. 'ನಿಮ್ಮ ಹಿಂದಿನ ಸಭೆ' ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.